ಕಾಕಾನ ದನಿ, ಕ್ಲಾರ್ಕನ ಕಂಪ್ಯೂಟರ್

ನಮ್ಮ ಮನ್ಯಾಗ ಯಾವ ಹೊಸಾ ಸಾಮಾನೂ ಸುಮ್ನ ಬಂದು ಸುಮ್ನ ಕೆಲಸ ಮಾಡಿದ್ದಿಲ್ಲ. ಮಿಕ್ಸಿ ತಂದ ದಿನ ಊರಿಗಿ ಊರೇ ಕರೆಂಟ್ ಹೋಗಿತ್ತು. ಕಪಾಟ ತಂದ ದಿನ ಬಾಗಿಲಾ ಸಣ್ಣದಾಗಿ, ಎರಡು ದಿನ ಅದು ಓಣ್ಯಾಗೇ ನಿಂತು ಬಂದವರಿಗೆಲ್ಲಾ ಕನ್ನಡಿ ತೋರಿಸ್ತು. ಇಂಥವೆಲ್ಲಾ ನನಗೇ ಯಾಕ ಆಗ್ತಾವ ಅಂತ ಕೇಳೂದು ನಾ ಬಿಟ್ಟು ಭಾಳ ದಿನ ಆತು. ಈಗ ಏನೂ ಆಗಲಿಲ್ಲಂದ್ರ ಹೆಂಡ್ತಿಗೇ ಹೆದರಿಕಿ ಹತ್ತತದ.

ಅಂಥಾದ್ರಾಗ ಒಂದು ಕೆಂಪು ಡಬ್ಬಿ ಮತ್ತ ಒಂದು ಹಳೇ ಕಂಪ್ಯೂಟರ್ ಕೂಡಿ ನನ್ನ ಮಾನಾ ಕಳದ ಕಥಿ ಹೇಳ್ತೀನಿ. ತೆಲಂಗಾಣ ಚಳವಳಿ ಜೋರಿದ್ದ ವರ್ಷದ ಮಾತು. ನಾ ಜಹೀರಾಬಾದಿನಾಗ ಒಂದು ಸರ್ಕಾರಿ ಕಚೇರಿ ಗುಮಾಸ್ತ. ಕಚೇರಿಗಿ ಸ್ಟ್ರೈಕ್, ಬಸ್ಸಿಗಿ ಸ್ಟ್ರೈಕ್. ಮಾಡಾಕ ಕೆಲಸಿಲ್ಲದ ಗುಮಾಸ್ತ ಮನ್ಯಾಗ ಕುಂತ್ರ ಏನೇನು ಅನಾಹುತ ಆಗ್ತಾವಂತ ಸರ್ಕಾರ ಅವತ್ತೇ ವಿಚಾರ ಮಾಡಬೇಕಿತ್ತು.

೧. ಎಂಟು ದಿನದ ವಾಯಿದೆ

ನಾರಾಯಣಖೇಡ ಕಡೆ ಒಂದು ಹಳ್ಳ್ಯಾಗ ನಮ್ಮ ಕಾಕಾ ಇರ್ತಾನ. ಅಂದ್ರ ನಮ್ಮಪ್ಪನ ತಮ್ಮ. ಇನ್ನೂರ ಚಿಲ್ಲರ ಕುರಿ ಸಾಕ್ಯಾನ. ನಮ್ಮ ಮನೆತನದಾಗ ಸಾಲಿ ಕಲ್ತು ಕುರ್ಚಿ ಮ್ಯಾಗ ಕುಂತಾಂವ ನಾ ಒಬ್ಬನೇ ಆಗಿದ್ದಕ್ಕ, ಕಾಕಾ ನನಗ ಹೆಸರ ಹಿಡಿದು ಕರೀದಿಲ್ಲ, "ಕ್ಲಾರ್ಕ" ಅಂತಾನ. ಅದರಾಗ ಮಾನ ಎಷ್ಟದ, ಮಸ್ಕಿರಿ ಎಷ್ಟದ ಅಂತ ನನಗ ಇನ್ನೂ ಬಗೆಹರಿದಿಲ್ಲ.

ಆ ವರ್ಷ ಕಾಕಾಗ ಗಂಟಲದಾಗ ಗಂಟು ಆತು. ಹೈದರಾಬಾದಿನ ಡಾಕ್ಟರು ನೋಡಿ, ಎಂಟು ದಿನ ಬಿಟ್ಟು ಆಪರೇಶನ್ ಅಂದ್ರು. "ಜೀವಕ್ಕ ಧೋಕಾ ಇಲ್ಲ. ದನಿ ಮಾತ್ರ ಉಳೀತದೋ ಇಲ್ಲೋ ಹೇಳಾಕ ಬರಲ್ಲ" ಅಂದ್ರು. ಕಾಕಾ ಅಳ್ತಾನಂತ ನಾ ಧೋತ್ರದ ಸೆರಗು ಸೈತ ತಯಾರ ಇಟ್ಕೊಂಡಿದ್ದೆ. ಅಂವ ಒಂದೇ ಮಾತು ಕೇಳ್ದ.

"ಮತ್ತ ಕುರಿ ಯಾರು ಕರೀಬೇಕು?"

"ಕಾಕಿ ಕರೀತಾಳ ಬಿಡು," ಅಂದೆ.

"ಆಕಿ ಕರದ್ರ ನಾನೇ ಹೋಗಂಗಿಲ್ಲ, ಕುರಿ ಹೋಗ್ತಾವೇನು?"

ಮಾತು ಖರೇನ ಇತ್ತು. ಆ ಕುರಿ ನಲವತ್ತು ವರ್ಷ ಅಂವನ ದನಿ ಒಂದಕ್ಕೇ ಹೊಂದಿದ ಹಿಂಡಿನ ಕುರಿ. ಅಂವ ಒಂದು ದಿನ ಜ್ವರ ಬಂದು ಮಲಗಿದ್ರ ಅವು ಊರ ಮಂದಿ ಹೊಲಾ ಎಲ್ಲಾ ಮೇದು ಬರೂವು. ದನಿ ಹೋದ್ರ ಹಿಂಡು ಮಾರೂದೇ ಸೈ ಅಂತ ಅಂವ ಮನಸ್ಸಿನಾಗ ಅಂದ್ಕೊಂಡಿದ್ದ. ಬಾಯಿಲೆ ಅನ್ನಲಿಲ್ಲ, ಆದ್ರ ಕಣ್ಣಾಗ ಕಾಣ್ತಿತ್ತು.

ಮೊದಲಿಗಿ ಮೊಬೈಲಿನಾಗ ಅಂವನ ಕೂಗು ರೆಕಾರ್ಡ್ ಮಾಡಿ ಕುರಿ ಎದುರಿಗಿ ಹಚ್ಚಿದ್ವಿ. ಒಂದೂ ತಲಿ ಎತ್ತಲಿಲ್ಲ. ಒಂದು ಮುದಿ ಕುರಿ ಮಾತ್ರ ಬಂದು ಮೊಬೈಲಿನ ಕವರ್ ತಿಂದ್ಹೋತು.

"ಇದು ಸೊಳ್ಳಿ ದನಿ. ಬರಾಬರ್ ಮಷಿನಿನಾಗ ಹಿಡಿ. ನನ್ನ ದನಿ ನನ್ನಂಗೇ ಇರಬೇಕು," ಅಂದ ಕಾಕಾ. "ಎಂಟು ದಿನ ಅದ. ಆಗ್ತದೋ ಇಲ್ಲೋ ಹೇಳು, ಕ್ಲಾರ್ಕ."

"ಆಗ್ತದ," ಅಂದೆ.

ನಾ ಹಿಂಗ ಧೈರ್ಯಾದಿಂದ "ಆಗ್ತದ" ಅಂದಾಗೆಲ್ಲಾ ನನ್ನ ಹೆಂಡ್ತಿ ಮಗಳ ಕೈ ಹಿಡ್ಕೊಂಡು ಬಾಜೂ ಮನಿಗಿ ಹೋಗಿ ಕೂಡ್ತಾಳ.

೨. ಗುರ್ತಿಲ್ಲದ ನೆಂಟ

ನನ್ನ ಕಂಪ್ಯೂಟರ್ ಕಂಪನಿದಲ್ಲ, ನಾನೇ ಜೋಡ್ಸಿದ್ದು. ಡಬ್ಬಾ ಒಬ್ಬರದು, ಒಳಗಿನ ಬೋರ್ಡ್ ಇನ್ನೊಬ್ಬರದು, ಫ್ಯಾನ್ ಯಾರದಂತ ಈಗ ನೆನಪಿಲ್ಲ. ಸಿ.ಡಿ. ಹಾಕೂ ಬಾಯಿ ತಾನಾಗಿ ತೆರೀತಿದ್ದಿಲ್ಲ, ಪಿನ್ನಿಲೆ ತಿವೀಬೇಕು. ಆನ್ ಮಾಡೂ ಗುಂಡಿ ಮುರಿದಿದ್ದಕ್ಕ ಎರಡು ವಾಯರ್ ಹೊರಗ ಎಳದು, ಮನಿ ಬಾಗಿಲಿಗಿ ಹಚ್ಚೂ ಕಾಲಿಂಗ್ ಬೆಲ್ಲಿನ ಸ್ವಿಚ್ ಹಚ್ಚಿ, ಗ್ವಾಡಿಗಿ ಮೊಳಿ ಹೊಡದು ಕುಂದರ್ಸಿದ್ದೆ. ಅಷ್ಟಾದ್ರೂ ನಡೀತಿತ್ತು. ಆಟೋದ ಮ್ಯಾಗ ಭೋಂಗಾ ಕಟ್ಟಿ ಪ್ರಚಾರ ಮಾಡ್ತಾರಲ್ಲ, "ನಾಳಿ ಬಂದ್", "ಹೊಸಾ ಬಟ್ಟಿ ಅಂಗಡಿ" ಅಂತ, ಆ ಸಿ.ಡಿ. ಎಲ್ಲಾ ನಾನೇ ಮಾಡಿ ಕೊಡ್ತಿದ್ದೆ. ಮಾಡಿದ ಸಿ.ಡಿ. ಮ್ಯಾಗ ಸ್ಕೆಚ್ ಪೆನ್ನಿಲೆ "ಫೈನಲ್" ಅಂತ ಬರೀತಿದ್ದೆ. ಎಲ್ಲಾದರ ಮ್ಯಾಗೂ ಅದೇ.

ಕಾಕಾನ ಸಲುವಾಗಿ ನನ್ನ ಹೆಂಡ್ತಿ ತಮ್ಮಗ ಫೋನ್ ಮಾಡ್ದೆ. ಅಂವ ಹೈದರಾಬಾದಿನ ಒಂದು ರೆಕಾರ್ಡಿಂಗ್ ಸ್ಟುಡಿಯೋದಾಗ ಇದ್ದ. ಕಾಕಾಗ ಅಲ್ಲಿಗೇ ಕರಕೊಂಡು ಬಾ ಅಂದ. ಆದ್ರ ಹೈದರಾಬಾದ್ ಅಂದ್ರ ಕಾಕಾಗ ಆಪರೇಶನ್ ಬಿಟ್ಟು ಬೇರೇನೂ ಕಾಣ್ತಿದ್ದಿಲ್ಲ, ಒಲ್ಲೆ ಅಂತ ಕುಂತ. ಕಡೀಗಿ ಹೆಂಡ್ತಿ ತಮ್ಮನೇ ಗಾಡಿ ಮ್ಯಾಗ ಬಂದು ಒಂದು ಛಲೋ ಮೈಕು, ಒಂದು ಕೆಂಪು ಡಬ್ಬಿ ಕೊಟ್ಟು ಹೋದ. ಆ ಡಬ್ಬಿಗಿ ಆಡಿಯೊ ಇಂಟರ್ಫೇಸ್ ಅಂತಾರ. ಮೈಕಿಗೂ ಕಂಪ್ಯೂಟರಿಗೂ ನಡುವ ಕುಂತು ಇದರ ಮಾತು ಅದಕ್ಕ ಹೇಳೂ ದುಭಾಷಿ ಅದು. ನಮ್ಮ ಕಡೆ ತರಕಾರಿ ಮಾರಾಕಿನೂ ಮೂರು ಭಾಷಿ ಮಾತಾಡ್ತಾಳ. ನನ್ನ ಕಂಪ್ಯೂಟರಿಗಿ ಮಾತ್ರ ಈ ಡಬ್ಬಿದು ಒಂದು ಅಕ್ಷರನೂ ತಿಳೀಲಿಲ್ಲ.

ವಾಯರ್ ಚುಚ್ಚಿದೆ. ಡಬ್ಬಿ ದೀಪ ಒಂದು ಸಲ ಕಣ್ಣ ಬಿಟ್ಟು ಮುಚ್ಕೊಂತು. ಕಂಪ್ಯೂಟರಿನ ಪಡದಿ ಮ್ಯಾಗ "ಗುರ್ತಿಲ್ಲದ ಸಾಮಾನು ಬಂದದ" ಅಂತ ಬಂತು. ತೆಗದು ಚುಚ್ಚಿದೆ, ಆರಿಸಿ ಹಚ್ಚಿದೆ, ಊದಿ ಚುಚ್ಚಿದೆ. ನಮ್ಮವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲ್ಯಾಗ ಹಾಕಿದ್ಲು. ಮನಿ ತುಂಬಾ ಘಾಟು ಹೊಡದು ಎಲ್ಲಾರೂ ಕೆಮ್ಮಿದ್ವಿ, ಕಂಪ್ಯೂಟರ್ ಕೆಮ್ಮಲಿಲ್ಲ.

ಮತ್ತ ಫೋನ್. "ಭಾವಾ, ನಿಮ್ಮ ಕಂಪ್ಯೂಟರ್ ಎಷ್ಟು ವರ್ಷದ್ದು?" ಅಂದ ಹೆಂಡ್ತಿ ತಮ್ಮ.

"ನಿನ್ನ ಸೊಸಿ, ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡದು."

"ನಾಲ್ಕನೇತ್ತ ಓದೂ ಸೊಸಿಗಿಂತ? ಅಯ್ಯೋ ಶಿವನ! ಅದರ ತೂತು ಹಳೇವು, ಈ ಡಬ್ಬಿಗಿ ಬೇಕಾದಷ್ಟು ಕರೆಂಟೂ ಕೊಡಲ್ಲ, ವೇಗನೂ ಕೊಡಲ್ಲ. ಹೊಸಾ ಯುಎಸ್‌ಬಿ ಕಾರ್ಡ್ ಒಳಗ ಕುಂದರ್ಸಿ ನೋಡ್ರಿ."

ಅವ್ವ ಅದನ್ನೆಲ್ಲಾ ಕೇಳಿ ನನಗ ಸಮಾಧಾನ ಹೇಳಿದ್ಲು. "ಹೊಸಬರು ಮನಿಗಿ ಬಂದ್ರ ಹಳಬರಿಗಿ ಹಂಗೇ ಆಗ್ತದಪ್ಪ. ನಿನ್ನ ಹೆಂಡ್ತಿ ಬಂದಾಗ ನಾನೂ ಒಂದು ವಾರ ಗುರ್ತಿಲ್ಲದಂಗ ಮಾಡಿದ್ದೆ."

ಅಡಗಿ ಮನಿಂದ ಸೌಟು ಕುಕ್ಕಿದ ಸಪ್ಪಳ ಬಂತು. "ಒಂದು ವಾರಾ? ಹನ್ನೊಂದು ವರ್ಷ ಆತ್ರಿ ಅತ್ತಿ!"

೩. ಹಿಂದಿನ ಬಾಗಿಲಾ

ಹಳೇ ಕಂಪ್ಯೂಟರಿಗಿ ಹೊಂದೂ ಕಾರ್ಡ್ ಸಿಗೂದು ತಾಂಡೂರಿನ ಒಂದೇ ಅಂಗಡ್ಯಾಗ. ಅವತ್ತು ತಾಂಡೂರು ಬಂದ್. ನಾಳಿ ಹೋಗಬೇಕಂದ್ರ ನಾಳಿ ಜಹೀರಾಬಾದ್ ಬಂದ್. ಐದೇ ದಿನ ಉಳದಾವ ಅಂತ ಗಾಡಿ ಹತ್ತಿದೆ.

ನಡುವ ದಾರ್ಯಾಗ ಕಲ್ಲು ಅಡ್ಡ ಇಟ್ಟು ನಾಲ್ಕು ಮಂದಿ ನಿಂತಿದ್ರು. "ಜೈ ತೆಲಂಗಾಣ ಅನ್ರಿ," ಅಂದ್ರು. ಅಂದೆ. "ಬಂದ್ ಇದ್ದಾಗ ಎಲ್ಲಿಗಿ?" ಅಂದ್ರು. ಸುಳ್ಳು ಹೇಳಾಕ ಹೊಳೀಲಿಲ್ಲ. "ನಮ್ಮ ಕಾಕಾನ ಕುರಿ ಕರ್ಯಾಕ ಕಂಪ್ಯೂಟರಿಗಿ ಕಾರ್ಡ್ ತರಾಕ ಹೊಂಟೀನ್ರಿ," ಅಂದೆ. ಅವರು ಒಬ್ಬರ ಮೋತಿ ಒಬ್ಬರು ನೋಡಿ, ಪಾಪ ಅಂತ ಕಲ್ಲು ಸರಿಸಿದ್ರು.

ತಾಂಡೂರು ಪ್ಯಾಟ್ಯಾಗ ಎಲ್ಲಾ ಶಟರ್ ಇಳದಿದ್ವು. ಎದುರಿಗಿ ಮೆರವಣಿಗಿ ಬರ್ಲಿಕತ್ತಿತ್ತು. ಎಲ್ಲಾರಕಿಂತ ಮುಂದ, ಕೊಳ್ಳಾಗ ಚಳವಳಿಯವರ ಗುಲಾಬಿ ಶಾಲು ಹಾಕ್ಕೊಂಡು, ಗಂಟಲು ಹರ್ಕೊಂಡು ಒದರಾಕತ್ತಾಂವ ಯಾರು ಅಂತ ನೋಡಿದ್ರ ನಾ ಹುಡುಕಿ ಬಂದ ಕಾರ್ಡಿನ ಅಂಗಡಿಯಾಂವ! ಅರ್ಧ ತೆಗದಿದ್ದ ಒಂದು ಪಾನ್ ಡಬ್ಬಾ ಅಂವನೇ ನಿಂತು ಮುಚ್ಚಿಸಿದ. ನನ್ನ ಕೈಯಾಗ ಕಾರ್ಡಿನ ಹೆಸರು ಬರದಿದ್ದ ಚೀಟಿ ನೋಡಿದ. ಘೋಷಣಾ ನಿಲ್ಲಿಸಲಿಲ್ಲ, ಹುಬ್ಬಿಲೆ ಮಾತ್ರ ಬಾಜೂ ಸಂದಿ ತೋರಿಸ್ದ.

ಸಂದಿ ಹಿಡಿದು ಹೋದ್ರ ಅಂವನ ಮನಿ ಹಿತ್ತಲಾ. ಅಲ್ಲಿ ಆಗಲೇ ಆರು ಮಂದಿ ಪಾಳಿ ಹಚ್ಚಿ ನಿಂತಿದ್ರು. ಅದರಾಗ ಇಬ್ಬರ ಕೊಳ್ಳಾಗ ಅದೇ ಗುಲಾಬಿ ಶಾಲು. ಅಂವನ ಹೆಂಡ್ತಿ ಅಕ್ಕಿ ಆರಿಸ್ಕೋತ ಕುಂತಿದ್ಲು.

"ಅಕ್ಕಾ, ಸಾವ್ಕಾರ್ರು ಯಾವಾಗ ಸಿಗ್ತಾರ್ರಿ?" ಅಂದೆ.

ಆಕಿ ತಲಿನೂ ಎತ್ತಲಿಲ್ಲ. "ಮನಿಯವರು ಅಂಗಡಿ ಮುಚ್ಚಿಸಾಕ ಹೋಗ್ಯಾರ್ರಿ. ಕುಂದರ್ರಿ, ಈಗ ಬಂದು ಅಂಗಡಿ ತೆಗೀತಾರ."

೪. ಗುಂಡಿಗಿ ನೀರು

ಕಾರ್ಡ್ ಕುಂತು, ಡಬ್ಬಿಗಿ ಹಸರ ದೀಪ ಹತ್ತಿದಾಗ ನಾ ಕುಣಿದೇ ಬಿಟ್ಟೆ. ಕುಣಿಯೂದು ಮುಗಿಯೂದ್ರಾಗ "ಗುಂಯ್" ಅಂತ ಸಪ್ಪಳ ಸುರು ಆತು. ಏನ ರೆಕಾರ್ಡ್ ಮಾಡಿದ್ರೂ ಹಿಂದ ಗುಂಯ್. ಕಂಪ್ಯೂಟರಿನ ಡಬ್ಬಾದ ಮ್ಯಾಗ ಕೈ ಇಟ್ರ ಸುಮ್ನಾಗ್ತಿತ್ತು, ತೆಗದ್ರ ಮತ್ತ ಗುಂಯ್. ಒಂದು ತಾಸು ಹೆಂಡ್ತಿಗಿ ಕೈ ಇಟ್ಕೊಂಡು ಕುಂದರ್ಸಿದೆ. ಆಕಿ ಒಂದೇ ಕೈಯಿಲೆ ಮೆಂತೆ ಸೊಪ್ಪು ಬಿಡಿಸಿ, "ನನಗ ಇದರ ಜೋಡಿ ಲಗ್ನ ಮಾಡಿ ಕೊಟ್ಟಿಲ್ಲ," ಅಂತ ಎದ್ದು ಹೋದ್ಲು.

ಕರೆಂಟ್ ಮಿಸ್ತ್ರಿ ಬಂದು ಗ್ವಾಡಿ ಬೋರ್ಡ್ ಬಿಚ್ಚಿ ನಕ್ಕ. "ಮೂರು ತೂತಿನಾಗ ಮ್ಯಾಲಿನ ತೂತಿಗಿ ವಾಯರೇ ಇಲ್ರಿ. ಬರೇ ಶೋಕಿಗಿ ಇಟ್ಟಾರ. ಅರ್ಥಿಂಗ್ ಮಾಡಬೇಕು." ಮನಿ ಮುಂದ ಮೊಣಕಾಲು ಮಟ ಗುಂಡಿ ತೋಡಿ, ಪೈಪ್ ಇಳಿಸಿ, ಉಪ್ಪು ಇದ್ದಲಿ ತುಂಬಿ, ವಾಯರ್ ಎಳದ. "ಮಣ್ಣು ಒಣಗಬಾರದು, ದಿನಾ ಒಂದು ಕೊಡ ನೀರು ಹಾಕ್ರಿ," ಅಂತ ಹೇಳಿ ಹೋದ.

ನಾ ಬೆಳಿಗ್ಗಿ ಜಳಕ ಮಾಡಿ, ಹಸಿ ಪಂಜಿಲೆ, ಬರಿಗಾಲಿಲೆ, ಹಿತ್ತಾಳಿ ಕೊಡದಿಂದ ಗುಂಡಿಗಿ ನೀರು ಹಾಕ್ತಿದ್ದೆ. ಬ್ಯಾರೆ ಕೊಡ ಖಾಲಿ ಇದ್ದಿಲ್ಲ, ಅಷ್ಟೇ. ಎರಡನೇ ದಿನ ಗುಂಡಿ ಸುತ್ತ ಯಾರೋ ರಂಗೋಲಿ ಹಾಕಿದ್ರು. ಮೂರನೇ ದಿನ ಅರಿಶಿಣ, ಕುಂಕುಮ, ಒಡದ ಟೆಂಗು. ಸ್ಟ್ರೈಕಿನಾಗ ಇರೂ ಗುಮಾಸ್ತ ತೆಲಂಗಾಣ ರಾಜ್ಯ ಬರೂ ತನಕ ಭೂಮಿತಾಯಿಗಿ ನೀರು ಹಾಕೂ ಹರಕಿ ಹೊತ್ತಾನಂತ ಓಣಿ ತುಂಬಾ ಸುದ್ದಿ ಆಗಿತ್ತು. ಕಂಪ್ಯೂಟರ್ ಸಲುವಾಗಿ ಅಂತ ನಾ ಒಬ್ಬಿಬ್ಬರಿಗಿ ಹೇಳ್ದೆ. "ದೊಡ್ಡವರು ಹಂಗೇ, ಹೇಳ್ಕೊಳ್ಳಲ್ಲ," ಅಂತ ಅವರು ಕೈ ಮುಗದ್ರು.

ಅವತ್ತೇ ಊರಿನ ಒಬ್ಬ ಮುಖಂಡರು ಫೋಟೋ ತೆಗಿಯಾಂವನ ಜೋಡಿ ಬಂದ್ರು. ತಾವೂ ಒಂದು ಕೊಡ ನೀರು ಹಾಕಿ, ಫೋಟೋ ಆಗೂ ತನಕ ಕೊಡ ಬಗ್ಗಿಸಿಕೊಂಡೇ ನಿಂತ್ರು.

"ಎಷ್ಟು ದಿನ ಆತ್ರಿ ಸುರು ಮಾಡಿ?"

"ಮೂರು ದಿನ ಆತ್ರಿ."

"ಏನಾರ ಫಲ ಕಾಣಾಕತ್ತದೇನು?"

"ಕಾಣಾಕತ್ತದ್ರಿ. ಗುಂಯ್‌ಗುಡೂದು ಪೂರಾ ನಿಂತದ," ಅಂದೆ.

ಮುಖಂಡರು ಗಂಭೀರಾಗಿ ಫೋಟೋದಾಂವನ ಕಡೆ ತಿರುಗಿದ್ರು. "ಬರ್ಕೋ. ದಿಲ್ಲ್ಯಾಗ ವಿರೋಧ ನಿಂತದ."

೫. ಅಣಕಸಾಂವ

ಏಳನೇ ದಿನ ಕಾಕಾ ಒಂದು ಜೀಪ್ ಹಿಡಿದು ಬಂದ. ಮರುದಿನ ಹೊತ್ತೇಳೂದ್ರಾಗ ಹೈದರಾಬಾದಿಗಿ ಹೋಗಬೇಕು. ಇರೂದು ಅದೊಂದೇ ಮಧ್ಯಾಹ್ನ.

ಮೈಕ್ ಮುಂದ ಕುಂದರ್ಸಿ, ಕಿವಿಗಿ ಹೆಡ್‌ಫೋನ್ ಹಾಕಿ, "ಹೂಂ, ಕರಿ ಕಾಕಾ," ಅಂದೆ.

"ಯಾರಿಗಿ ಕರೀಲಿ? ಎದುರಿಗಿ ಒಂದಾದ್ರೂ ಕುರಿ ಬ್ಯಾಡೇನು?"

"ನನಗೇ ಕುರಿ ಅಂತ ತಿಳ್ಕೋ."

ಕಾಕಾ ನನ್ನ ಮೋತಿ ಒಂದು ಗಳಿಗಿ ನೋಡಿ, ಅದೇನು ಕಷ್ಟ ಆಗಲಿಲ್ಲ ಅನ್ನೂವಂಗ ಗೋಣು ಹಾಕಿದ. "ಟುರ್ರ್ರ್... ಹೋ... ಬಾ ಬಾ ಬಾ," ಅಂದ. ಅಂದು ಬೆಚ್ಚಿ ಬಿದ್ದ. "ಯಾಂವಲೇ ಅಂವ, ಒಳಗ ಕುಂತು ನನಗ ಅಣಕಸಾಂವ?"

ಹಳೇ ಕಂಪ್ಯೂಟರ್ ಅಲ್ಲೇನು, ಡಬ್ಬಿ ಕೊಟ್ಟ ದನಿ ನುಂಗಿ ಹೊರಗ ಹಾಕಾಕ ಅರ್ಧ ಗಳಿಗಿ ತಗೋತಿತ್ತು. ಕಾಕಾ "ಬಾ" ಅಂದು ಮುಗದ ಮ್ಯಾಗ ಕಿವ್ಯಾಗ "ಬಾ" ಅಂತ ಕೇಳ್ತಿತ್ತು. ಕಾಕಾ ಆ ಅಣಕಸಾಂವನಿಗಿ ಹಿಡೀಬೇಕಂತ ಹಟಾ ಹಿಡದ. ಜೋರಾಗಿ "ಬಾ" ಅಂದು ಗಪ್ಪನ ನಿಲ್ಲಿಸೂದು, ಮೆಲ್ಲಕ ಅನ್ನೂದು, ಅರ್ಧ ಅಂದು ಬಿಡೂದು. ಅಂವನೂ ಹಂಗೇ ಮಾಡ್ತಿದ್ದ.

"ಅದು ನಿಂದೇ ದನಿ ಕಾಕಾ. ತಡಾ ಆಗಿ ಬರ್ತದ," ಅಂದೆ.

ಕಾಕಾ ಹೆಡ್‌ಫೋನ್ ತೆಗದು ತೊಡಿ ಮ್ಯಾಗ ಇಟ್ಕೊಂಡ. "ನಾಳಿ ಹೋಗೂ ದನಿ, ಇವತ್ತೇ ಹಿಂದ ಬೀಳಾಕತ್ತದೇನೋ," ಅಂದ. ಇಂಥಾ ಗಟ್ಟಿ ಮನಷ್ಯಾ ಹಿಂಗ ಅಂದದ್ದು ನಾ ಅದಕ್ಕ ಮೊದಲ ಕೇಳಿದ್ದಿಲ್ಲ.

ಹೆಡ್‌ಫೋನ್ ಬ್ಯಾಡಂತ ಬಿಟ್ಟು ಹನ್ನೊಂದು ಸಲ ಕರದ. ಹನ್ನೊಂದೂ ಸಾಲ್ಯಾಗ ಹೆಡ್‌ಮಾಸ್ತರ ಮುಂದ ಪದ್ಯ ಒಪ್ಪಿಸಿದಂಗ. ಅದು ಅಂವಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹನ್ನೆರಡನೇದಕ್ಕ ಪಡದಿ ಗಟ್ಟಿ ಆಗಿ ನಿಂತುಬಿಡ್ತು. ಬಾಣಾ ಸರೀವಲ್ದು, ಗುಂಡಿ ಒತ್ತಿದ್ರ ಒಲ್ಲೆ ಅಂತದ. ನಾ ಟೇಬಲ್ ಬುಡಕ ತೂರಿ ವಾಯರ್ ಹಿಡ್ಕೊಂಡು ಕುಂತೆ. ಹೊತ್ತು ಇಳೀಲಿಕತ್ತಿತ್ತು. ಕಾಕಾನ ತಾಳ್ಮಿ ತೀರಿತು.

"ಏ ಕ್ಲಾರ್ಕ! ಮಂಗ್ಯಾನ ಮಗನ! ಅಲ್ಲೇ ಕುಂತು ಏನ ಮೇಯಾಕತ್ತೀಲೇ! ಏಳ್ತೀಯೋ ಇಲ್ಲೋ! ಬಾ ಇಲ್ಲಿ! ಬಾ ಅಂದ್ರ ಬರಬೇಕು! ಹೋ...ಯ್!"

ಗ್ವಾಡಿ ಮ್ಯಾಗಿನ ಕ್ಯಾಲೆಂಡರ್ ಅಲಗ್ಯಾಡಿತು. ನಾ ಎದ್ದ ರಭಸಕ್ಕ ಟೇಬಲ್ಲಿಗಿ ತಲಿ ಬಡದು, ಪಡದಿ ತಾನಾಗೇ ಚಾಲೂ ಆತು. ನೋಡಿದ್ರ, ಪಡದಿ ನಿಂತಿತ್ತು ಖರೆ, ರೆಕಾರ್ಡಿಂಗ್ ನಿಂತಿದ್ದಿಲ್ಲ. ಬೈಗಳು ಅಕ್ಷರ ಬಿಡದಂಗ ಒಳಗ ಬಿದ್ದಿತ್ತು. ಅಳಿಸಾಕ ಮನಸ್ಸಾಗಲಿಲ್ಲ. ಹನ್ನೆರಡೂ ಸೇರಿಸಿ ಸಿ.ಡಿ. ಮಾಡಿ, ಮ್ಯಾಲ "ಫೈನಲ್" ಬರದೆ.

ಕಾಕಾ ಬೆವರು ಒರಸ್ಕೊಂಡು, ಚಹಾ ಬೇಕಂತ ನನ್ನ ಹೆಂಡ್ತಿಗಿ ಕರ್ಯಾಕ ಗ್ವಾಡಿ ಮ್ಯಾಗಿನ ಬೆಲ್ ಒತ್ತಿದ. ಕಂಪ್ಯೂಟರ್ ಆರಿತು. ಅವತ್ತು ಆರಿದ್ದು, ಒಂದು ತಿಂಗಳಾದ ಮ್ಯಾಗ ಬೇರೆ ಬೋರ್ಡ್ ಹಾಕೂ ತನಕ ಹತ್ತಲಿಲ್ಲ. ಚಹಾನೂ ಬರಲಿಲ್ಲ.

೬. ಕೊಹೀರ್ ಕ್ರಾಸ್

ಆಪರೇಶನ್ ಛಲೋ ಆತು. ಗಂಟು ಹೋತು, ದನಿನೂ ಹೋತು. ಕಿವಿ ಹಂತೇಕ ಬಂದು ಪಿಸಿಪಿಸಿ ಅಂದ್ರ ಅಷ್ಟೇ ಕೇಳ್ತದ.

ಎರಡು ತಿಂಗಳ ಮ್ಯಾಗ ಕಾಕಾ ಹಿಂಡು ಹೊಡ್ಕೊಂಡು ಮೇಸ್ಕೋತ ಕೊಹೀರ್ ಕಡೆ ಬಂದ. ನಾ ಒಂದು ಭೋಂಗಾ, ಬ್ಯಾಟರಿ, ಸಿ.ಡಿ. ತಗೊಂಡು ಹೋದೆ. ಮೊದಲನೇ ಕೂಗು ಹಚ್ಚಿದೆ. ಕುರಿ ತಲಿ ಎತ್ತಲಿಲ್ಲ. ಎರಡನೇದು, ಐದನೇದು, ಹನ್ನೊಂದನೇದು. ಒಂದೂ ಎತ್ತಲಿಲ್ಲ. ಕಾಕಾ ಕಂಬಳಿ ಕೊಡವಿ ಹೆಗಲಿಗಿ ಹಾಕ್ಕೊಂಡು ಬ್ಯಾರೆ ಕಡೆ ನೋಡ್ಕೋತ ನಿಂತ. ಅಂವನ ಮೋತಿ ನೋಡೂ ಧೈರ್ಯ ನನಗ ಇದ್ದಿಲ್ಲ. ಬಂದ್ ಮಾಡಬೇಕಂತ ಕೈ ಹಾಕೂದ್ರಾಗ ಹನ್ನೆರಡನೇದು ಸುರು ಆತು.

"ಏ ಕ್ಲಾರ್ಕ! ಮಂಗ್ಯಾನ ಮಗನ!"

ಇನ್ನೂರ ಚಿಲ್ಲರ ತಲಿ ಒಮ್ಮಿಗೇ ಎದ್ವು. "ಬಾ ಇಲ್ಲಿ" ಅನ್ನೂದ್ರಾಗ ಧೂಳ ಎಬ್ಬಿಸ್ಕೋತ ಓಡಿ ಬಂದು ಭೋಂಗಾದ ಸುತ್ತ ನಿಂತ್ವು. ನಲವತ್ತು ವರ್ಷ ಅಂವ ಅವಕ್ಕ ಬೈದೇ ಕರದಿದ್ದನಂತ ನನಗರೆ ಏನು ಗೊತ್ತು! ನಾ ನಗಾಕ ಹೋಗಿ ಅತ್ತುಬಿಟ್ಟೆ. ಕಾಕಾ ಕಿವಿ ಹಂತೇಕ ಬಂದು, "ಬೈದ್ರೇ ನಾನು ಅಂತ ಅವಕ್ಕ ಗೊತ್ತದ," ಅಂದ. ಹಿಂಡು ಮಾರೂ ಮಾತು ಅಲ್ಲಿಗಿ ಮುಗೀತು.

ದಿನಾ ಹಚ್ಚಿ ಹಚ್ಚಿ ಆ ಸಿ.ಡಿ. ಗೀರು ಬಿತ್ತು. ಬೈಗಳೊಂದೇ ಹಾಕಿ ಹೊಸದು ಮಾಡಿ ಕೊಡ್ತೀನಿ ಅಂದಿದ್ದೆ. ಅದನ್ನ ಕೊಡಬೇಕಂದ ಬೆಳಿಗ್ಗೇ ಕೊಹೀರ್ ಕ್ರಾಸಿನಾಗ ರಸ್ತಾ ರೋಕೋ. ಅದಕ್ಕೂ ಹಾಡಿನ ಸಿ.ಡಿ. ನನ್ನ ಮನಿದೇ. ಎರಡೂ ಮಾಡಿ ಎರಡರ ಮ್ಯಾಗೂ "ಫೈನಲ್" ಬರದಿಟ್ಟೆ. ಒಂದು ಭೋಂಗಾದ ಆಟೋದಾಂವ ತಗೊಂಡು ಹೋದ. ಒಂದು ನಾ ಕಿಸೇದಾಗ ಇಟ್ಕೊಂಡು, ಕ್ರಾಸಿನ ಬಾಜೂ ಹೊಲದಾಗ ಹಿಂಡು ಮೇಸ್ತಿದ್ದ ಕಾಕಾಗ ಕೊಡಬೇಕಂತ ಅಲ್ಲಿಗೇ ಹೋದೆ.

ಹೈವೇ ಮ್ಯಾಗ ಸುತ್ತಲಿನ ಎಲ್ಲಾ ಕಚೇರಿ ಗುಮಾಸ್ತರು ಕುಂತಿದ್ರು, ಏನಿಲ್ಲಂದ್ರೂ ಅರವತ್ತು ಮಂದಿ. ಪೊಲೀಸ್ ಇನ್ಸ್‌ಪೆಕ್ಟರು ಗಡಿಯಾರ ನೋಡಿ, "ಹತ್ತು ನಿಮಿಷ. ಆಮ್ಯಾಲ ರಸ್ತಾ ಖಾಲಿ ಆಗಬೇಕು," ಅಂದ್ರು. ನಮ್ಮ ಗುಂಡಿಗಿ ನೀರು ಹಾಕಿದ್ದ ಮುಖಂಡರೇ ಮೈಕ್ ಹಿಡಿದು, "ಈಗ ನಮ್ಮ ರಕ್ತ ಕುದಿಸೂ ದನಿ ಕೇಳ್ರಿ!" ಅಂತ ಆಟೋದಾಂವಗ ಸನ್ನಿ ಮಾಡಿದ್ರು.

"ಏ ಕ್ಲಾರ್ಕ! ಮಂಗ್ಯಾನ ಮಗನ! ಅಲ್ಲೇ ಕುಂತು ಏನ ಮೇಯಾಕತ್ತೀಲೇ! ಏಳ್ತೀಯೋ ಇಲ್ಲೋ!"

ಅರವತ್ತೂ ಮಂದಿ ಗುಮಾಸ್ತರು ಎದ್ದು ನಿಂತ್ರು. ರಿಟೈರ್ ಆಗಾಕ ಬಂದಿದ್ದ ಒಬ್ಬರು ಗಾಬರ್ಯಾಗಿ, "ಬಂದೆ ಸಾಹೇಬ್ರ, ಫೈಲ್ ಮುಗೀಲಿಕ್ಕೇ ಬಂದದ," ಅಂದ್ರು.

"ಬಾ ಇಲ್ಲಿ! ಬಾ ಅಂದ್ರ ಬರಬೇಕು!"

ಬಂದ್ವು. ಹೊಲದ ಕಡಿಂದ ಧೂಳೆದ್ದು ಇನ್ನೂರ ಚಿಲ್ಲರ ಕುರಿ ಹೈವೇ ಮ್ಯಾಗ ಹರದು, ಭೋಂಗಾ ಎಲ್ಲದ ಅಂತ ನೋಡಿ, ಆಟೋದ ಸುತ್ತ ಕೂಡಿ ನಿಂತುಬಿಟ್ವು. ಪೊಲೀಸರು ಲಾಠಿ ಬೀಸಿದ್ರ ಒಂದು ಬ್ಯಾ ಅಂತಿತ್ತು, ಬಾಕಿಯೆಲ್ಲಾ ಹೂಂ ಅನ್ನೂವಂಗ ಬ್ಯಾ ಅಂತಿದ್ವು. ಹತ್ತು ನಿಮಿಷದ ರಸ್ತಾ ರೋಕೋ ಎರಡು ತಾಸು ಆತು. ಎರಡೂ ಕಡೆ ಲಾರಿ ಕಣ್ಣಿಗಿ ಕಾಣೂ ತನಕ ನಿಂತ್ವು.

"ಇವಕ್ಕೆಲ್ಲಾ ಯಾರು ಕರದವರು?" ಅಂತ ಇನ್ಸ್‌ಪೆಕ್ಟರು ಒದರಿದ್ರು.

ಮುಖಂಡರು ಎದಿ ಸೆಟಿಸಿ ಹೇಳಿದ್ರು, "ಯಾರೂ ಕರದಿಲ್ಲ ಸಾಹೇಬ್ರ. ತಾವಾಗೇ ಬಂದಾವ."

ಅಷ್ಟ್ರಾಗ ಹಿಂಡಿನ ನಡುವಿಂದ ಕಂಬಳಿ ಹೆಗಲ ಮ್ಯಾಗ ಹಾಕ್ಕೊಂಡು ಕಾಕಾ ಬರೂದು ಕಾಣಿಸ್ತು. ಕಿಸೇದಾಗಿನ ಸಿ.ಡಿ. ಮುಟ್ಟಿ ನೋಡ್ಕೊಂಡೆ, ಹಾಡಿಂದು ನನ್ನ ಹಂತೇಕೇ ಉಳದಿತ್ತು. ಇಷ್ಟು ಮಂದಿ ಎದುರಿಗಿ ಕಪಾಳಕ್ಕ ಕೊಡ್ತಾನ, ಇವತ್ತು ಬಿಡಲ್ಲ ಅಂತ ಕಣ್ಣು ಮುಚ್ಕೊಂಡು ನಿಂತೆ. ಕಾಕಾ ನನ್ನ ಕಿವಿ ಹಿಡಿದು ತನ್ನ ಬಾಯಿ ಹಂತೇಕ ಎಳಕೊಂಡ.

"ಇನ್ನೊಮ್ಮಿ ಹಚ್ಚು, ಕ್ಲಾರ್ಕ," ಅಂದ. "ಮೂರು ಮರಿ ಇನ್ನೂ ಬಂದಿಲ್ಲ."